ಸೇರಿನೊಳಗೆ ಅದೇ ಸೇರು ಹಿಡಿಸೀತೇ?

ಮಕ್ಕಳೇ, ಮೊದಲಿಗೆ ಒಂದು ಸಣ್ಣ ಲೆಕ್ಕ. ಮೂರು ಸೇರು ರಾಗಿ ಇದೆ, ಎರಡು ಮೊಳ ಮಲ್ಲಿಗೆ ಹೂವಿದೆ. ಎರಡನ್ನೂ ಕೂಡಿದರೆ ಎಷ್ಟು?

"ಐದು" ಎಂದು ಬಾಯಿಗೆ ಬಂದಿದ್ದರೆ ಸ್ವಲ್ಪ ತಡೆಯಿರಿ. ಪಕ್ಕದಲ್ಲಿ ಕೂತಿರುವ ಅಜ್ಜಿಯನ್ನು ಕೇಳಿ. "ಸೇರನ್ನೂ ಮೊಳವನ್ನೂ ಯಾರಾದ್ರೂ ಕೂಡ್ತಾರೇನೋ ಮಗಾ!" ಎಂದು ನಗುತ್ತಾರೆ. ಅಜ್ಜಿಯ ಮಾತನ್ನು ಗಮನಿಸಿ. ಐದು ತಪ್ಪು, ಆರು ಸರಿ ಎಂದು ಅವರು ಹೇಳಲಿಲ್ಲ. ಆ ಪ್ರಶ್ನೆಗೇ ಅರ್ಥವಿಲ್ಲ ಎಂದರು. ರಾಗಿಯ ಅಳತೆ ಒಂದು ಬಗೆ, ಹೂವಿನ ಅಳತೆ ಇನ್ನೊಂದು ಬಗೆ. ಬಗೆ ಹೊಂದದ ಕಡೆ ಲೆಕ್ಕ ಶುರುವಾಗುವುದೇ ಇಲ್ಲ.

ಈ ಸಣ್ಣ ವಿವೇಕದಿಂದಲೇ ಒಮ್ಮೆ ಇಡೀ ಗಣಿತದ ಅಡಿಪಾಯವನ್ನು ಮತ್ತೆ ಕಟ್ಟಬೇಕಾಯಿತು ಎಂದರೆ ನಂಬುತ್ತೀರಾ? ನಾನು ಮಧುಗಿರಿ ಸುತ್ತಿನ ಹೈಸ್ಕೂಲುಗಳಲ್ಲಿ ಗಣಿತ ಪಾಠ ಮಾಡಿದವಳು. "ಮಿಸ್, ಈ ಪ್ರಮೇಯ ನಿಜ ಅಂತ ಹೇಗೆ ಗೊತ್ತು?" ಎಂದು ಕೇಳುವ ಒಬ್ಬ ಹುಡುಗನೋ ಹುಡುಗಿಯೋ ಪ್ರತಿ ವರ್ಷವೂ ಇರುತ್ತಿದ್ದರು. ಪುಸ್ತಕದಲ್ಲಿ ಸಾಧನೆ ಇದೆ ಎನ್ನಬಹುದು. ಆದರೆ ಆ ಸಾಧನೆ ಸರಿ ಎಂದು ಹೇಗೆ ಗೊತ್ತು? ಅದು ನಿಂತಿರುವ ನೆಲ ಗಟ್ಟಿ ಎಂದು ಹೇಗೆ ಗೊತ್ತು? ಇದು ಆ ಪ್ರಶ್ನೆಯ ಕಥೆ.

ನಾಲ್ಕು ತಾಲ್ಲೂಕಿನ ಪಟ್ಟಿ

ತುಮಕೂರು ಜಿಲ್ಲೆಯಲ್ಲಿ ಶಿಕ್ಷಣ ಇಲಾಖೆಯ ಲೆಕ್ಕಕ್ಕೆ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಒಂದು ತುಮಕೂರು, ಇನ್ನೊಂದು ಮಧುಗಿರಿ. ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ನಾಲ್ಕು ತಾಲ್ಲೂಕುಗಳು: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ.

ಈಗ ಪಟ್ಟಿಗಳನ್ನು ಮಾಡೋಣ. ಕೊರಟಗೆರೆಯ ಒಂದು ಶಾಲೆಯ ಹಾಜರಿ ಪುಸ್ತಕ ತೆಗೆದುಕೊಳ್ಳಿ. ಅದರಲ್ಲಿರುವುದು ಮಕ್ಕಳ ಹೆಸರು. ತಾಲ್ಲೂಕಿನ ಪಟ್ಟಿಯಲ್ಲಿರುವುದು ಶಾಲೆಗಳು, ಅಂದರೆ ಮಕ್ಕಳ ಪಟ್ಟಿಗಳ ಪಟ್ಟಿ. ಶೈಕ್ಷಣಿಕ ಜಿಲ್ಲೆಯ ಪಟ್ಟಿಯಲ್ಲಿರುವುದು ತಾಲ್ಲೂಕುಗಳು, ಅಂದರೆ ಪಟ್ಟಿಗಳ ಪಟ್ಟಿಗಳ ಪಟ್ಟಿ!

ಒಂದು ಒಗಟು ಹೇಳುತ್ತೇನೆ. ಈ ಶೈಕ್ಷಣಿಕ ಜಿಲ್ಲೆಯ ಪಟ್ಟಿಯಲ್ಲಿ ಎಷ್ಟು ಹೆಸರುಗಳಿವೆ? ಸಾವಿರಾರು ಅಲ್ಲ, ನಾಲ್ಕೇ. ಶಿರಾದ ಶಾಲೆಯಲ್ಲಿ ಓದುವ ನಿಮ್ಮ ಹೆಸರು ಆ ಪಟ್ಟಿಯಲ್ಲಿದೆಯೇ? ಇಲ್ಲ. ಅಲ್ಲಿ ಮಕ್ಕಳ ಹೆಸರು ಬರೆಯುವ ಪದ್ಧತಿಯೇ ಇಲ್ಲ. ನಿಮ್ಮನ್ನು ಹುಡುಕಬೇಕಾದರೆ ಎರಡು ಮೆಟ್ಟಿಲು ಕೆಳಗಿಳಿದು ಶಾಲೆಯ ಹಾಜರಿ ಪುಸ್ತಕ ನೋಡಬೇಕು. ಮಗು ಒಂದು ಬಗೆ, ಮಕ್ಕಳ ಪಟ್ಟಿ ಇನ್ನೊಂದು ಬಗೆ, ಪಟ್ಟಿಗಳ ಪಟ್ಟಿ ಮತ್ತೂ ಒಂದು ಬಗೆ. ಈ ಮೆಟ್ಟಿಲುಗಳನ್ನು ನೆನಪಿನಲ್ಲಿಡಿ. ಇವನ್ನು ಮರೆತಾಗಲೇ ಗಣಿತಕ್ಕೆ ದೊಡ್ಡ ಪೆಟ್ಟು ಬಿದ್ದದ್ದು.

ಒಂದು ಕಾಗದ ತಂದ ಆಪತ್ತು

ಜರ್ಮನಿಯ ಯೇನಾ ಊರಿನಲ್ಲಿ ಗಾಟ್ಲೋಬ್ ಫ್ರೇಗೆ ಎಂಬ ಗಣಿತದ ಮೇಷ್ಟ್ರಿದ್ದರು. ಎಣಿಕೆ, ಕೂಡುವುದು, ಗುಣಿಸುವುದು ಎಲ್ಲವನ್ನೂ ಶುದ್ಧ ತರ್ಕದಿಂದಲೇ ಕಟ್ಟಿ ತೋರಿಸಬೇಕೆಂಬುದು ಅವರ ಆಸೆ. ವರ್ಷಗಟ್ಟಲೆ ದುಡಿದು 1893ರಲ್ಲಿ ದೊಡ್ಡ ಗ್ರಂಥದ ಮೊದಲ ಸಂಪುಟ ತಂದರು. 1902ರಲ್ಲಿ ಎರಡನೆಯ ಸಂಪುಟ ಅಚ್ಚಿನಲ್ಲಿತ್ತು. ಜೂನ್ 16ರಂದು ಇಂಗ್ಲೆಂಡಿನ ಬರ್ಟ್ರಂಡ್ ರಸೆಲ್ ಅವರಿಗೊಂದು ಕಾಗದ ಬರೆದರು. ನಿಮ್ಮ ಗ್ರಂಥ ಬಹಳ ಮೆಚ್ಚಿಗೆಯಾಯಿತು, ಒಂದು ಕಡೆ ಮಾತ್ರ ತೊಡಕು ಕಾಣುತ್ತಿದೆ ಎಂಬುದು ಅದರ ಸಾರ.

ಆ ತೊಡಕನ್ನು ನಮ್ಮ ಲೈಬ್ರರಿಗಳ ಮಾತಿನಲ್ಲಿ ಹೇಳುತ್ತೇನೆ. ನಾಲ್ಕು ತಾಲ್ಲೂಕಿನ ಪ್ರತಿ ಶಾಲೆಯ ಲೈಬ್ರರಿಯಲ್ಲೂ ಪುಸ್ತಕಗಳ ಪಟ್ಟಿ ಬರೆದಿಟ್ಟ ಒಂದು ರಿಜಿಸ್ಟರ್ ಇದೆ ಎನ್ನಿ. ರಿಜಿಸ್ಟರೂ ಒಂದು ಪುಸ್ತಕವೇ. ಹಾಗಾಗಿ ಕೆಲವರು ಅದರ ಹೆಸರನ್ನೂ ಅದರೊಳಗೇ ಬರೆದಿದ್ದಾರೆ, ಕೆಲವರು ಬರೆದಿಲ್ಲ. ಈಗ ನಿಮಗೊಂದು ಕೆಲಸ: ತನ್ನ ಹೆಸರನ್ನು ತನ್ನೊಳಗೆ ಬರೆದುಕೊಳ್ಳದ ರಿಜಿಸ್ಟರುಗಳನ್ನೆಲ್ಲ ಒಂದು ಹೊಸ ರಿಜಿಸ್ಟರಿನಲ್ಲಿ ಪಟ್ಟಿ ಮಾಡಿ. ಅಂಥದ್ದು ಒಂದೂ ಬಿಡಬಾರದು, ಬೇರೆಯದು ಒಂದೂ ಸೇರಬಾರದು.

ಪಟ್ಟಿ ಮುಗಿಯಿತು. ಕೊನೆಗೆ ಒಂದು ಪ್ರಶ್ನೆ ಉಳಿಯಿತು. ಈ ಹೊಸ ರಿಜಿಸ್ಟರಿನ ಹೆಸರನ್ನು ಅದರೊಳಗೇ ಬರೆಯಬೇಕೇ, ಬೇಡವೇ?

ಬರೆದರೆ ಅದು ತನ್ನ ಹೆಸರು ಬರೆದುಕೊಂಡ ರಿಜಿಸ್ಟರ್ ಆಯಿತು, ಆದ್ದರಿಂದ ಅಲ್ಲಿ ಇರಬಾರದು. ಬರೆಯದೆ ಬಿಟ್ಟರೆ ಅದು ತನ್ನ ಹೆಸರು ಬರೆದುಕೊಳ್ಳದ ರಿಜಿಸ್ಟರ್ ಆಯಿತು, ಆದ್ದರಿಂದ ಅಲ್ಲಿ ಇರಲೇಬೇಕು. ಅತ್ತ ದರಿ, ಇತ್ತ ಪುಲಿ!

ಲೈಬ್ರರಿಯಲ್ಲಾದರೆ ನಕ್ಕು ಸುಮ್ಮನಾಗಬಹುದು, ಅಂಥ ರಿಜಿಸ್ಟರ್ ಮಾಡಲಾಗದು ಎನ್ನಬಹುದು. ಆದರೆ ಯಾವ ಗುಣವನ್ನು ಹೇಳಿದರೂ ಅದಕ್ಕೊಂದು ಪಟ್ಟಿ ಇದ್ದೇ ಇರುತ್ತದೆ ಎಂಬುದು ಫ್ರೇಗೆಯ ಕಟ್ಟಡದ ಅಡಿಗಲ್ಲಾಗಿತ್ತು. ಆ ನಿಯಮದಿಂದ ಹೌದು ಮತ್ತು ಅಲ್ಲ ಎರಡೂ ಒಟ್ಟಿಗೆ ಹೊರಟವು. ಹಾಗಾದ ಕಡೆ ಎರಡು ಎರಡು ಐದು ಎಂದೂ ಸಾಧಿಸಬಹುದು. ಫ್ರೇಗೆ ತಮ್ಮ ಎರಡನೆಯ ಸಂಪುಟದ ಕೊನೆಗೆ ಅನುಬಂಧ ಸೇರಿಸಿ, ಈ ಆಪತ್ತನ್ನು ಮುಚ್ಚಿಡದೆ ಓದುಗರಿಗೆ ತಿಳಿಸಿದರು. ಅದು 1903ರಲ್ಲಿ ಹೊರಬಂತು. ತಮ್ಮ ಜೀವಮಾನದ ದುಡಿಮೆಯೇ ಅಲುಗಾಡುತ್ತಿರುವಾಗ ಹಾಗೆ ಬರೆಯಲು ಎಂಥ ಮನಸ್ಸು ಬೇಕು!

ಬಿರುಕು ಕಂಡ ರಸೆಲ್ಲರೇ ಮದ್ದನ್ನೂ ಹುಡುಕಿದರು. 1908ರಲ್ಲಿ ಅವರು ಪ್ರಕಟಿಸಿದ್ದು 'ಬಗೆಗಳ ಸಿದ್ಧಾಂತ', ಹತ್ತಿರಹತ್ತಿರ ನಮ್ಮ ಅಜ್ಜಿಯ ಮಾತೇ. ವಸ್ತು ಒಂದು ಮೆಟ್ಟಿಲು, ವಸ್ತುಗಳ ಪಟ್ಟಿ ಅದರ ಮೇಲಿನ ಮೆಟ್ಟಿಲು. ಒಂದು ಪಟ್ಟಿ ತನಗಿಂತ ಕೆಳಗಿನ ಮೆಟ್ಟಿಲಿನದನ್ನು ಮಾತ್ರ ಒಳಗೊಳ್ಳಬಹುದು. 'ತನ್ನೊಳಗೆ ತಾನು' ಎಂಬುದು ನಿಜವೂ ಅಲ್ಲ, ಸುಳ್ಳೂ ಅಲ್ಲ. ಅದು ಸೇರು-ಮೊಳ ಕೂಡಿದ ಹಾಗೆ ಅರ್ಥವಿಲ್ಲದ ಮಾತು. ಈ ದಾರಿಯಲ್ಲಿ ರಸೆಲ್ ಮತ್ತು ವೈಟ್‌ಹೆಡ್ 1910ರಿಂದ 1913ರವರೆಗೆ ಮೂರು ದಪ್ಪ ಸಂಪುಟ ಬರೆದರು. ಅದರಲ್ಲಿ ಒಂದಕ್ಕೆ ಒಂದು ಕೂಡಿದರೆ ಎರಡು ಎಂಬಲ್ಲಿಗೆ ಬರುವ ಹೊತ್ತಿಗೆ 350 ಪುಟ ದಾಟಿರುತ್ತದೆ! ಕಟ್ಟಡ ಗಟ್ಟಿಯಾಗಿತ್ತು, ಆದರೆ ಒಳಗೆ ಓಡಾಡುವುದು ಬಹಳ ಕಷ್ಟವಾಗಿತ್ತು.

ಗಿರಣಿಗೆ ಗಿರಣಿಯನ್ನೇ ಹಾಕಿದರೆ

ಅದನ್ನು ಹಗುರ ಮಾಡಿದವರು ಅಮೆರಿಕದ ಪ್ರಿನ್ಸ್‌ಟನ್ನಿನ ಅಲೋಂಜೊ ಚರ್ಚ್. ಕಂಪ್ಯೂಟರ್ ಕಲ್ಪನೆಗೆ ಹೆಸರಾದ ಅಲನ್ ಟ್ಯೂರಿಂಗ್ ಡಾಕ್ಟರೇಟ್ ಮಾಡಿದ್ದು ಇವರ ಬಳಿಯೇ.

ಚರ್ಚ್ ಪಟ್ಟಿಯಿಂದ ಶುರು ಮಾಡಲಿಲ್ಲ. ಅವರು ಶುರು ಮಾಡಿದ್ದು ಕೆಲಸದಿಂದ. ಹಿಟ್ಟಿನ ಗಿರಣಿಯನ್ನು ನೆನೆಯಿರಿ: ರಾಗಿ ಹಾಕಿದರೆ ರಾಗಿ ಹಿಟ್ಟು ಬರುತ್ತದೆ. 'ಎರಡರಿಂದ ಗುಣಿಸು' ಎಂಬುದೂ ಒಂದು ಗಿರಣಿ. 3 ಹಾಕಿದರೆ 6, 10 ಹಾಕಿದರೆ 20. ದೊಡ್ಡ ತರಗತಿಗಳಲ್ಲಿ ಇದನ್ನು ಫಂಕ್ಷನ್ ಎನ್ನುತ್ತಾರೆ. 'ಏನು ಹಾಕಿದರೂ ಅದರ ಎರಡರಷ್ಟು ಕೊಡುವ ಗಿರಣಿ' ಎಂಬುದನ್ನು ಚುಟುಕಾಗಿ ಬರೆಯಲು ಚರ್ಚ್ ಗ್ರೀಕ್ ಅಕ್ಷರ ಲ್ಯಾಂಬ್ಡಾ ಬಳಸಿದರು. ಅದರಿಂದಲೇ ಈ ಲೆಕ್ಕಕ್ಕೆ ಲ್ಯಾಂಬ್ಡಾ ಕ್ಯಾಲ್ಕುಲಸ್ ಎಂಬ ಹೆಸರು. ಹೆಸರು ಕೇಳಿ ಹೆದರಬೇಡಿ. ಇರುವುದು ಎರಡೇ ಕೆಲಸ: ಗಿರಣಿ ಕಟ್ಟುವುದು, ಗಿರಣಿಗೆ ಹಾಕುವುದು.

ಸ್ವಾರಸ್ಯ ಇಲ್ಲಿದೆ. ಗಿರಣಿಗೆ ಸಂಖ್ಯೆಯನ್ನೇ ಹಾಕಬೇಕೆಂದಿಲ್ಲ, ಇನ್ನೊಂದು ಗಿರಣಿಯನ್ನೂ ಹಾಕಬಹುದು. 'ಎರಡು ಸಲ' ಎಂಬ ಗಿರಣಿ ಇದೆ ಎನ್ನಿ. ಅದಕ್ಕೆ 'ಐದು ಕೂಡು' ಗಿರಣಿಯನ್ನು ಹಾಕಿದರೆ 'ಐದು ಕೂಡು, ಮತ್ತೆ ಐದು ಕೂಡು' ಎಂಬ ಹೊಸ ಗಿರಣಿ ಬರುತ್ತದೆ. ಅದಕ್ಕೆ 3 ಹಾಕಿದರೆ 13. 'ಎರಡರಿಂದ ಗುಣಿಸು' ಹಾಕಿದರೆ ಬರುವ ಗಿರಣಿ 3ನ್ನು 12 ಮಾಡುತ್ತದೆ. ಚರ್ಚ್ ಅವರ ದೃಷ್ಟಿಯಲ್ಲಿ 2 ಎಂಬ ಸಂಖ್ಯೆಯೇ 'ಎರಡು ಸಲ' ಎಂಬ ಗಿರಣಿ. 3 ಎಂದರೆ 'ಮೂರು ಸಲ'.

ಆದರೆ ಇಲ್ಲೂ ಹಳೆಯ ತಂಟೆ ಬಂತು. ಯಾವ ಗಿರಣಿಗೆ ಯಾವುದನ್ನಾದರೂ ಹಾಕಬಹುದು ಎಂದು ಬಿಟ್ಟರೆ, ಗಿರಣಿಗೆ ಅದೇ ಗಿರಣಿಯನ್ನೂ ಹಾಕಬಹುದಲ್ಲವೇ? 1932ರಲ್ಲಿ ಚರ್ಚ್ ಪ್ರಕಟಿಸಿದ ಮೊದಲ ಪದ್ಧತಿ ಇಂಥ ಸಡಿಲಿನದು. ಅದರಲ್ಲಿ ಹೌದು-ಅಲ್ಲ ಎರಡೂ ಹೊರಡುತ್ತವೆ ಎಂದು 1935ರಲ್ಲಿ ತೋರಿಸಿಕೊಟ್ಟವರು ಅವರ ಶಿಷ್ಯರೇ ಆದ ಕ್ಲೀನಿ ಮತ್ತು ರಾಸರ್!

1940ರಲ್ಲಿ ಚರ್ಚ್ ಹದಿಮೂರು ಪುಟದ ಒಂದು ಲೇಖನ ಬರೆದರು. ಪ್ರತಿ ಗಿರಣಿಯ ಬಾಯಿಗೂ ಒಂದು ಫಲಕ ತೂಗುಹಾಕಿದರು ಎನ್ನಬಹುದು: ಒಳಗೆ ಹೋಗುವುದು ಯಾವ ಬಗೆ, ಹೊರಗೆ ಬರುವುದು ಯಾವ ಬಗೆ. ಅವರ ಮೂಲ ಬಗೆಗಳು ಎರಡೇ. ಒಂದು 'ವಸ್ತು', ಇನ್ನೊಂದು 'ಹೌದು ಅಥವಾ ಅಲ್ಲ'. ಉಳಿದದ್ದೆಲ್ಲ ಬಾಣದ ಗುರುತಿನಿಂದ ಹುಟ್ಟುತ್ತವೆ. ಹಾಜರಿ ಪುಸ್ತಕವನ್ನೇ ನೋಡಿ. ಹೆಸರು ಕೊಟ್ಟರೆ 'ಹೌದು, ಇದ್ದಾರೆ' ಅಥವಾ 'ಇಲ್ಲ' ಎನ್ನುತ್ತದೆ. ಅಂದರೆ ಅದರ ಬಗೆ: ಮಗು → ಹೌದು-ಅಲ್ಲ. ತಾಲ್ಲೂಕಿನ ಪಟ್ಟಿಯ ಬಗೆ: (ಮಗು → ಹೌದು-ಅಲ್ಲ) → ಹೌದು-ಅಲ್ಲ. ನಮ್ಮ ಮೆಟ್ಟಿಲುಗಳೆಲ್ಲ ಬಾಣಗಳಾಗಿ ಬಂದವು!

ಇನ್ನು ತನಗೆ ತಾನೇ ಹಾಕಿಕೊಳ್ಳುವ ಗಿರಣಿ? ಅದರ ಫಲಕದಲ್ಲಿ 'ಒಳಗೆ ಹೋಗುವುದು' ಎಂಬಲ್ಲಿ ಆ ಫಲಕವನ್ನೇ ಪೂರ್ತಿ ಬರೆಯಬೇಕು. ಬರೆದ ಫಲಕದೊಳಗೆ ಮತ್ತೆ ಅದೇ ಫಲಕ, ಅದರೊಳಗೆ ಮತ್ತೆ. ಸೇರಿನೊಳಗೆ ಅದೇ ಸೇರನ್ನು ಇಡಲು ಹೊರಟ ಹಾಗೆ. ಅಂಥ ಫಲಕ ಬರೆದು ಮುಗಿಯುವುದೇ ಇಲ್ಲ, ಆದ್ದರಿಂದ ಆ ಗಿರಣಿ ಈ ಊರಿನಲ್ಲಿ ಇಲ್ಲ. ರಸೆಲ್ಲರ ಒಗಟು ಬಾಗಿಲಲ್ಲೇ ನಿಂತಿತು.

ಬೆಟ್ಟ ಹತ್ತುವ ತರ್ಕ

ಇದಕ್ಕೆ 'ಮೇಲಿನ ಸ್ತರದ ತರ್ಕ' ಎಂಬ ಹೆಸರು ಏಕೆ? ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹತ್ತುವಾಗ ಇದು ಸುಲಭವಾಗಿ ಹೊಳೆಯುತ್ತದೆ. ಮೊದಲ ಮೆಟ್ಟಿಲಿಗೆ ಕಾಲಿಡಬಲ್ಲೆ. ಯಾವ ಮೆಟ್ಟಿಲ ಮೇಲಿದ್ದರೂ ಅದರ ಮುಂದಿನದಕ್ಕೆ ಹೋಗಬಲ್ಲೆ. ಹಾಗಾದರೆ ಎಲ್ಲ ಮೆಟ್ಟಿಲನ್ನೂ ಮುಟ್ಟಬಲ್ಲೆ. ಇದೇ ಗಣಿತೀಯ ಅನುಗಮನ ತತ್ವ.

ಒಂದು ಉದಾಹರಣೆ: 1, 1+3=4, 1+3+5=9, 1+3+5+7=16. ಬೆಸ ಸಂಖ್ಯೆಗಳನ್ನು ಸಾಲಾಗಿ ಕೂಡುತ್ತಾ ಹೋದರೆ ವರ್ಗ ಸಂಖ್ಯೆಗಳೇ ಬರುತ್ತವೆ. ಸಾವಿರದವರೆಗೆ ಕೂಡಿ ನೋಡಿದರೂ ಎಲ್ಲ ಸಂಖ್ಯೆಗೂ ನಿಜವೆಂದು ಗೊತ್ತಾಗದು. ಅನುಗಮನ ತತ್ವದಿಂದ ಗೊತ್ತಾಗುತ್ತದೆ.

ಆ ತತ್ವವನ್ನು ಮಾತಿನಲ್ಲಿ ಹೇಳಿ ನೋಡಿ: "ಯಾವುದೇ ಗುಣವಿರಲಿ, ಅದು ಮೊದಲ ಸಂಖ್ಯೆಗಿದ್ದು, ಒಂದರಿಂದ ಮುಂದಿನದಕ್ಕೆ ಸಾಗುವುದಾದರೆ ಎಲ್ಲ ಸಂಖ್ಯೆಗಳಿಗೂ ಇರುತ್ತದೆ." ಇಲ್ಲಿ 'ಯಾವುದೇ ಸಂಖ್ಯೆ' ಎನ್ನುವ ಬದಲು 'ಯಾವುದೇ ಗುಣ' ಎಂದೆವು. ಮಕ್ಕಳ ಬಗ್ಗೆ ಮಾತನಾಡುವುದನ್ನು ಬಿಟ್ಟು ಹಾಜರಿ ಪುಸ್ತಕಗಳ ಬಗ್ಗೆ ಮಾತನಾಡಿದ ಹಾಗೆ, ಒಂದು ಮೆಟ್ಟಿಲು ಮೇಲೆ ಹೋದೆವು. ವಸ್ತುಗಳ ಬಗ್ಗೆ, ಗುಣಗಳ ಬಗ್ಗೆ, ಗುಣಗಳ ಗುಣಗಳ ಬಗ್ಗೆ, ಹೀಗೆ ಯಾವ ಮೆಟ್ಟಿಲಿನಲ್ಲೂ 'ಎಲ್ಲ' ಎಂದು ಧೈರ್ಯವಾಗಿ ಹೇಳಲು ಬಿಡುವ ತರ್ಕ ಇದು. ಬಗೆಯ ಫಲಕಗಳು ಇರುವುದರಿಂದಲೇ ಆ ಧೈರ್ಯ.

ಸಂತೆಯ ಹಣ್ಣಿನ ರಾಶಿ

ಇಷ್ಟೆಲ್ಲ ಮಾಡಿ ಬಂದದ್ದೇನು ಎಂದು ಅಜ್ಜಂದಿರು ಕೇಳಬಹುದು. ಸಂತೆಗೆ ಹೋಗೋಣ. ಕಿತ್ತಳೆ ಮಾರುವವರು ಹಣ್ಣನ್ನು ಹೇಗೆ ಜೋಡಿಸುತ್ತಾರೆ? ಕೆಳಗಿನ ಸಾಲಿನ ಹಣ್ಣುಗಳ ನಡುವಿನ ತಗ್ಗಿನಲ್ಲಿ ಮೇಲಿನ ಹಣ್ಣು ಕೂರಿಸುತ್ತಾ ಗೋಪುರ ಕಟ್ಟುತ್ತಾರೆ. ಒಂದೇ ಗಾತ್ರದ ಉರುಟು ಹಣ್ಣುಗಳನ್ನು ಇದಕ್ಕಿಂತ ಒತ್ತಾಗಿ ತುಂಬಲಾಗದು ಎಂದು 1611ರಲ್ಲಿ ಜೋಹಾನ್ಸ್ ಕೆಪ್ಲರ್ ಊಹಿಸಿದರು. ಹೀಗೆ ತುಂಬಿದರೆ ಜಾಗದ ನೂರು ಪಾಲಿನಲ್ಲಿ ಸುಮಾರು 74 ಪಾಲು ಹಣ್ಣು, ಉಳಿದದ್ದು ಗಾಳಿ.

ಹಣ್ಣಿನವರಿಗೆ ಗೊತ್ತಿದ್ದದ್ದನ್ನು ಸಾಧಿಸಲು ಗಣಿತದವರಿಗೆ ನಾನೂರು ವರ್ಷ ಹತ್ತಿರ ಬೇಕಾಯಿತು. 1998ರಲ್ಲಿ ಥಾಮಸ್ ಹೇಲ್ಸ್ ಸಾಧನೆ ಸಿಕ್ಕಿತೆಂದರು. ಅದು ನೂರಾರು ಪುಟ, ಜೊತೆಗೆ ಕಂಪ್ಯೂಟರಿನ ಅಪಾರ ಲೆಕ್ಕ. ಹನ್ನೆರಡು ಪರೀಕ್ಷಕರು ವರ್ಷಗಟ್ಟಲೆ ಕೂತು ನೋಡಿ, ನೂರಕ್ಕೆ ತೊಂಬತ್ತೊಂಬತ್ತು ಭಾಗ ಸರಿ ಎನಿಸುತ್ತದೆ, ಪೂರ್ತಿ ಖಾತ್ರಿ ಕೊಡಲಾರೆವು ಎಂದರು. ಪರೀಕ್ಷೆಯಲ್ಲಿ 99 ಬಂದರೆ ಮನೆಯಲ್ಲಿ ಪಾಯಸ ಮಾಡುತ್ತಾರೆ. ಸಾಧನೆಗೆ ಆ ಒಂದು ಅಂಕವೂ ಬೇಕು.

ಹೇಲ್ಸ್ ಸುಮ್ಮನಾಗಲಿಲ್ಲ. ತಮ್ಮ ಸಾಧನೆಯ ಒಂದೊಂದು ಹೆಜ್ಜೆಯನ್ನೂ ಯಂತ್ರದಿಂದಲೇ ಪರೀಕ್ಷೆ ಮಾಡಿಸುತ್ತೇನೆಂದು ಹೊರಟರು. ಅದಕ್ಕೆ ಅವರು ಆರಿಸಿಕೊಂಡ ಎರಡು ಪ್ರೋಗ್ರಾಂಗಳು ಎಚ್ಓಎಲ್ ಲೈಟ್ ಮತ್ತು ಇಸಬೆಲ್. ಎರಡೂ ನಿಂತಿರುವುದು 1940ರ ಆ ಹದಿಮೂರು ಪುಟದ ವಿಚಾರದ ಮೇಲೆಯೇ!

ಯಂತ್ರವನ್ನು ನಂಬುವುದು ಹೇಗೆ ಎಂದಿರಾ? ಒಳ್ಳೆಯ ಪ್ರಶ್ನೆ. ಅಕ್ಕಸಾಲಿಗರ ಒರೆಗಲ್ಲನ್ನು ನೋಡಿದ್ದೀರಲ್ಲ? ಒಡವೆ ಎಷ್ಟೇ ದೊಡ್ಡದಿರಲಿ, ಪರೀಕ್ಷೆ ಆ ಸಣ್ಣ ಕಲ್ಲಿನ ಮೇಲೆ. ಎಚ್ಓಎಲ್ ಲೈಟ್‌ನ ಒರೆಗಲ್ಲು ಹತ್ತು ನಿಯಮ, ಮೂರು ಸ್ವಯಂಸಿದ್ಧಗಳು. ಆ ಭಾಗದ ಪ್ರೋಗ್ರಾಂ ಎಷ್ಟು ಚಿಕ್ಕದೆಂದರೆ ತಿಳಿದವರು ಕೂತು ಸಾಲು ಸಾಲಾಗಿ ಓದಿ ಮುಗಿಸಬಹುದು. ಲಕ್ಷ ಹೆಜ್ಜೆಯ ಸಾಧನೆಯೂ ಆ ಕಲ್ಲಿನ ಮೇಲೆ ಉಜ್ಜಿಸಿಕೊಂಡೇ ಹೋಗಬೇಕು.

2014ರ ಆಗಸ್ಟ್ 10ರಂದು ಕೆಲಸ ಮುಗಿಯಿತು. 2017ರಲ್ಲಿ ಅಚ್ಚಾದ ಲೇಖನದಲ್ಲಿ 22 ಜನರ ಹೆಸರಿದೆ. ಅವರಲ್ಲಿ ಹಲವರು ವಿಯೆಟ್ನಾಂ ದೇಶದವರು. ದೊಡ್ಡ ಕೆಲಸಕ್ಕೆ ದೊಡ್ಡ ಊರಿನವರೇ ಆಗಬೇಕಿಲ್ಲ, ಹೆಜ್ಜೆ ಸರಿಯಾಗಿದ್ದರೆ ಸಾಕು.

ನಮ್ಮ ಬೆಂಗಳೂರಿನಲ್ಲಿ

ಮಧುಗಿರಿಯಿಂದ ಬಸ್ಸು ಹತ್ತಿದರೆ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಅಲ್ಲಿನ ಗಣಿತದ ಪ್ರಾಧ್ಯಾಪಕ ಸಿದ್ಧಾರ್ಥ ಗಾಡ್ಗೀಳ್ ಇದೇ ದಾರಿಯಲ್ಲಿ ಕೆಲಸ ಮಾಡುವವರು. 2017ರ ಡಿಸೆಂಬರಿನಲ್ಲಿ ಅದೇ ಸಂಸ್ಥೆಯ ಅಪೂರ್ವ ಖರೆ ಅವರಿಂದ ಬಂದ ಒಂದು ಪ್ರಶ್ನೆಯನ್ನು ಪ್ರಸಿದ್ಧ ಗಣಿತಜ್ಞ ಟೆರೆನ್ಸ್ ಟಾವೋ ಎಲ್ಲರ ಮುಂದಿಟ್ಟರು. ಕೆಲವೇ ಅಕ್ಷರಗಳಿಂದ ಕಟ್ಟಿದ 'ಪದ'ಗಳಿಗೆ ಕೆಲವು ನಿಯಮದಂತೆ ಉದ್ದ ಕೊಡಲಾದೀತೇ ಎಂಬುದು ಆ ಪ್ರಶ್ನೆ. ಗಾಡ್ಗೀಳರು ಕಂಪ್ಯೂಟರಿನಿಂದ ಒಂದು ಸಾಧನೆ ಹೊರಡಿಸಿ ಎಲ್ಲರಿಗೂ ತೋರಿಸಿದರು. ಉಳಿದವರು ಯಂತ್ರದ ಆ ಸಾಲುಗಳನ್ನು ಓದಿ, ಒಳಗಿನ ಉಪಾಯ ಹಿಡಿದು ಬೆಳೆಸಿದರು. ಕೆಲವೇ ದಿನಗಳಲ್ಲಿ ಉತ್ತರ ಸಿಕ್ಕಿತು. ಯಂತ್ರ ಹೇಳಿತೆಂದು ಅವರು ಒಪ್ಪಿಕೊಳ್ಳಲಿಲ್ಲ, ಓದಿ ಅರ್ಥ ಮಾಡಿಕೊಂಡರು.

ಈಗ ಗಾಡ್ಗೀಳರು ಬಳಸುವುದು, ಕಲಿಸುವುದು ಲೀನ್ ಎಂಬ ಪದ್ಧತಿ. 2013ರಲ್ಲಿ ಶುರುವಾದ ಇದರಲ್ಲಿ ಬಗೆಗಳು ಇನ್ನೂ ಸೂಕ್ಷ್ಮ. 'ಚೀಲ' ಎಂಬುದೊಂದೇ ಅಲ್ಲ, 'ಐದು ಸೇರಿನ ಚೀಲ', 'ಆರು ಸೇರಿನ ಚೀಲ' ಕೂಡ ಬೇರೆ ಬೇರೆ ಬಗೆಗಳಾಗಬಲ್ಲವು.

ಒಂದು ಎಚ್ಚರಿಕೆಯ ಮಾತೂ ಬೇಕು. ಬಗೆ ಸರಿಯಿದ್ದ ಮಾತ್ರಕ್ಕೆ ಮಾತು ನಿಜವಾಗುವುದಿಲ್ಲ. 'ಮೂರು ಸೇರಿಗೆ ಎರಡು ಸೇರು ಕೂಡಿದರೆ ಏಳು ಸೇರು' ಎಂಬುದರಲ್ಲಿ ಬಗೆಯೆಲ್ಲ ಸರಿ, ಲೆಕ್ಕ ಮಾತ್ರ ತಪ್ಪು. ಫಲಕ ಅರ್ಥವಿಲ್ಲದ್ದನ್ನು ತಡೆಯುತ್ತದೆ. ಸುಳ್ಳನ್ನು ತಡೆಯಲು ಸಾಧನೆಯೇ ಬೇಕು. ಇನ್ನೂ ಒಂದು ಮಿತಿ ಇದೆ. ಒಳಗೆ ವಿರೋಧವಿಲ್ಲದ, ಎಣಿಕೆಯ ಲೆಕ್ಕಕ್ಕೆ ಸಾಲುವ ಇಂಥ ಯಾವ ಪದ್ಧತಿಯಲ್ಲೂ ಹೌದೆಂದೂ ಅಲ್ಲವೆಂದೂ ಸಾಧಿಸಲಾಗದ ಮಾತುಗಳು ಉಳಿದೇ ಉಳಿಯುತ್ತವೆ ಎಂದು 1931ರಲ್ಲೇ ಕರ್ಟ್ ಗೋಡೆಲ್ ತೋರಿಸಿದ್ದಾರೆ.

ಮೊಬೈಲ್ ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ ಕೊಡುವ ಕಾಲ ಇದು. ಗಟ್ಟಿಯಾಗಿ ಹೇಳಿದ್ದೆಲ್ಲ ಗಟ್ಟಿಯಲ್ಲ. ಹಿಂದಿನ ಬೆಂಚಿನ ಆ ಹಳೆಯ ಪ್ರಶ್ನೆಯನ್ನು ಬಿಡಬೇಡಿ ಮಕ್ಕಳೇ. ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳು "ಹೇಗೆ ಗೊತ್ತು?" ಎಂದರೆ ಎದುರುತ್ತರವೆಂದು ಗದರಬೇಡಿ. ಫ್ರೇಗೆಗೆ ರಸೆಲ್ ಕೇಳಿದ್ದೂ ಅದನ್ನೇ.

ಅಂಗಳದ ಆಟ

ಇಬ್ಬರು ಬೇಕು. ಅಜ್ಜಿ ಚೀಟಿ ಓದಬೇಕು, ಮೊಮ್ಮಗು ಹೆಜ್ಜೆ ಹಾಕಬೇಕು. ಒಂದು ಚೀಟಿಯಲ್ಲಿ 'ಎರಡು ಸಲ', ಇನ್ನೊಂದರಲ್ಲಿ 'ಮೂರು ಸಲ' ಎಂದು ಬರೆಯಿರಿ. ಮಾಡುವ ಕೆಲಸ: ಒಂದು ಹೆಜ್ಜೆ ಮುಂದೆ.

ಮೊದಲು ಒಂದೊಂದೇ ಚೀಟಿ. 'ಎರಡು ಸಲ' ಎಂದರೆ 2 ಹೆಜ್ಜೆ, 'ಮೂರು ಸಲ' ಎಂದರೆ 3 ಹೆಜ್ಜೆ.

ಈಗ ಚೀಟಿಗೇ ಚೀಟಿ. 'ಮೂರು ಸಲ'ಕ್ಕೆ 'ಎರಡು ಸಲ'ವನ್ನು ಕೊಡಿ. ಅಂದರೆ ಕೆಲಸವನ್ನು ಇಮ್ಮಡಿ ಮಾಡುವುದನ್ನೇ ಮೂರು ಸಲ ಮಾಡಬೇಕು. ಒಂದು ಹೆಜ್ಜೆ ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಯಿತು. ತಿರುವುಮುರುವು ಮಾಡಿ: 'ಎರಡು ಸಲ'ಕ್ಕೆ 'ಮೂರು ಸಲ'ವನ್ನು ಕೊಡಿ. ಒಂದು ಮೂರಾಗಿ, ಮೂರು ಒಂಬತ್ತಾಯಿತು. ಒಂದರಲ್ಲಿ 8, ಇನ್ನೊಂದರಲ್ಲಿ 9! ಎರಡೂ ಸಲ ಕೊಡುವ ಚೀಟಿಗಿಂತ ತೆಗೆದುಕೊಳ್ಳುವ ಚೀಟಿ ಒಂದು ಮೆಟ್ಟಿಲು ಮೇಲಿನದು ಎಂಬುದನ್ನು ಗಮನಿಸಿ.

ಕೊನೆಯ ಪ್ರಶ್ನೆ: 'ಮೂರು ಸಲ' ಎಂಬ ಎರಡು ಚೀಟಿ ಬರೆದು, ಒಂದಕ್ಕೆ ಇನ್ನೊಂದನ್ನು ಕೊಟ್ಟರೆ ಎಷ್ಟು ಹೆಜ್ಜೆ? ಉತ್ತರ 27. ಅಂಗಳ ಸಾಲದಿದ್ದರೆ ಶಾಲೆಯ ಮೈದಾನಕ್ಕೆ ಹೋಗಿ.